ಬರೆದುಕೊಟ್ಟವರು, ಬರೆಸಿಕೊಂಡವರು

2009ರ ಬೇಸಿಗೆ. ನಾನು ಆಗಷ್ಟೇ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ತಿಪಟೂರು ಕಡೆಯ ಹಳ್ಳಿಯಿಂದ ಇಬ್ಬರು ಸೋದರಮಾವಂದಿರು ಬಂದರು. ಅಮ್ಮನಿಗೆ ಒಂದು ರೇಷ್ಮೆ ಸೀರೆ, ಹೂವು, ಹಣ್ಣು, ಬೆಳ್ಳಿ ಬಟ್ಟಲಲ್ಲಿ ಅರಿಶಿನ ಕುಂಕುಮ, ಜೊತೆಗೊಂದು ಕವರಿನಲ್ಲಿ 50 ಸಾವಿರ ರೂಪಾಯಿ. ಅಜ್ಜ ತೀರಿಕೊಂಡು ವರ್ಷ ಕಳೆದಿತ್ತು, ತೆಂಗಿನ ತೋಟ ಭಾಗ ಆಗಬೇಕಿತ್ತು. ಮಾರನೆಯ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ನಾನೂ ಜೊತೆಗೆ ಹೋಗಿದ್ದೆ. ದೊಡ್ಡ ಮಾವ ನನಗೆ ಕಬ್ಬಿನ ಹಾಲು ಕೊಡಿಸಿದರು. ಅಮ್ಮ ಹೊರಗೆ ಬಂದವಳೇ ಹೆಬ್ಬೆಟ್ಟಿಗೆ ಹತ್ತಿದ ಮಸಿಯನ್ನು ಸೆರಗಿನ ತುದಿಯಲ್ಲಿ ಒರೆಸಿದಳು. ಬೆರಳಿನದು ಹೋಗಲಿಲ್ಲ, ಸೀರೆಗೂ ಹತ್ತಿತು.

"ತವರಿನ ಬಾಗಿಲು ತೆರೆದಿರಬೇಕು ಅಂದ್ರೆ ಸಹಿ ಹಾಕಬೇಕು ಕಣೇ" ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು. ನಾನೇನೂ ಕೇಳಿರಲಿಲ್ಲ. ಅವಳಾಗಿಯೇ ಹೇಳಿದ್ದು.

ಆ ಪತ್ರದ ನಕಲು ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇವತ್ತಿಗೂ ಇದೆ. 'ಬರೆದುಕೊಟ್ಟವರು' ಅನ್ನುವ ಕಡೆ ಅಮ್ಮನ ಹೆಸರು, ಅದರ ಪಕ್ಕ 'ಕೋಂ', ಅಂದ್ರೆ ಇಂಥವರ ಹೆಂಡತಿ, ಅಂತ ಹಾಕಿ ಅಪ್ಪನ ಹೆಸರು. 'ಬರೆಸಿಕೊಂಡವರು' ಅನ್ನುವ ಕಡೆ ಮಾವಂದಿರು. ಮಧ್ಯದಲ್ಲಿ ಒಂದು ಸಾಲು, ಅರಿಶಿನ ಕುಂಕುಮದ ಬಾಬ್ತು 50 ಸಾವಿರ ರೂಪಾಯಿ ಪಡೆದು ಸ್ವಸಂತೋಷದಿಂದ ಹಕ್ಕು ಬಿಟ್ಟುಕೊಟ್ಟಿರುತ್ತೇನೆ ಅಂತ.

15 ವರ್ಷ ಬಿಟ್ಟು, 2024ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ನಾನು ಇನ್ನೊಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದೆ. ತುಮಕೂರು ರಸ್ತೆ ಕಡೆ ಎರಡು ಬೆಡ್‌ರೂಮಿನ ಒಂದು ಫ್ಲಾಟ್. ಈ ಸಲ 'ಬರೆಸಿಕೊಂಡವರು' ಅನ್ನುವ ಕಡೆ ಒಂದೇ ಹೆಸರು, ನನ್ನದು. ಸಾಕ್ಷಿಯಾಗಿ ಸಹಿ ಹಾಕಿದ್ದು ಅಮ್ಮ. ಅಲ್ಲಿಂದ ಈಚೆಗೆ ಗೆಳತಿಯರು, ಆಫೀಸಿನ ಹುಡುಗಿಯರು, ಅವರ ತಂಗಿಯರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಒಬ್ಬಳೇ ಹೇಗೆ ತಗೊಂಡೆ, ಬ್ಯಾಂಕಲ್ಲಿ ಸಾಲ ಕೊಟ್ಟರಾ, ಮನೇಲಿ ಏನೂ ಅನ್ನಲಿಲ್ವಾ, ಮದುವೆ ಆಗೋ ತನಕ ಕಾಯಬಹುದಿತ್ತು ಅಲ್ವಾ. ಎಲ್ಲರೂ ಇಪ್ಪತ್ತೆಂಟರಿಂದ ಮೂವತ್ತೈದರ ಒಳಗಿನವರು, ಎಲ್ಲರೂ ದುಡಿಯುವವರು. ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಎಷ್ಟು ಬೇಕೋ ಅಷ್ಟು ಬರೆಯುತ್ತೇನೆ, ಆದರೆ ಲೆಕ್ಕಕ್ಕಿಂತ ಜಾಸ್ತಿ ಹೇಳಬೇಕಾಗಿರುವುದು ಆ ಎರಡು ಕಾಲಮ್ಮುಗಳ ವಿಷಯ.

ಮೊದಲು ಕಾನೂನಿನದು ಹೇಳಿಬಿಡುತ್ತೇನೆ, ಯಾಕಂದ್ರೆ ನನಗೂ ಇದು ತಡವಾಗಿ ಗೊತ್ತಾಯಿತು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಅಂತ ಒಂದು ಕಾಯ್ದೆ ಬಂದಿತ್ತು, ಕುಟುಂಬ ಭಾಗ ಆಗುವಾಗ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಿ ಅಂತ. ಆಮೇಲೆ 1994ರ ಜುಲೈ 30ರಿಂದ ಕರ್ನಾಟಕದಲ್ಲಿ ತಿದ್ದುಪಡಿ ಬಂತು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೆ ಸಮಪಾಲು. ಆದರೆ ಅಷ್ಟರೊಳಗೆ ಮದುವೆ ಆಗಿದ್ದವರಿಗೆ ಇಲ್ಲ. ಅಮ್ಮನ ಮದುವೆ 1989ರಲ್ಲಿ. ಹಾಗಾಗಿ ಅವಳು ಆಚೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಅದರಲ್ಲಿ ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟ ಮಾಡಿತು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ.

ಅಂದ್ರೆ 2009ರಲ್ಲಿ ಅಮ್ಮನಿಗೆ ಹಕ್ಕು ಇತ್ತು. ಹಕ್ಕು ಇದ್ದಿದ್ದಕ್ಕೇ ಸಹಿ ಕೇಳಿದ್ದು. ಹಕ್ಕು ಇಲ್ಲದವರ ಸಹಿ ಯಾರಿಗೂ ಬೇಕಾಗಲ್ಲ. ಇದು ತಲೆಗೆ ಹೋದ ದಿನ ನಾನು ಊಟ ಮಾಡಲಿಲ್ಲ. ಮಾವಂದಿರ ಮೇಲೆ ಸಿಟ್ಟು ಅಂತಲ್ಲ, ಅವರು ಇವತ್ತಿಗೂ ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕೊಡುತ್ತಾರೆ, ಅಮ್ಮನ ಆಪರೇಷನ್ ಆದಾಗ ಹತ್ತು ದಿನ ಆಸ್ಪತ್ರೆಯಲ್ಲೇ ಮಲಗಿದ್ದರು. ಸಿಟ್ಟು ಬಂದಿದ್ದು ಯಾರೂ ಅವಳಿಗೆ ಏನು ಬಿಟ್ಟುಕೊಡುತ್ತಿದ್ದೀಯ ಅಂತ ಹೇಳಲಿಲ್ಲ ಅನ್ನುವುದಕ್ಕೆ.

ಇನ್ನು ಬಾಡಿಗೆ ಮನೆಗಳ ವಿಷಯ. ಬೆಂಗಳೂರಿನಲ್ಲಿ ಹತ್ತು ವರ್ಷದಲ್ಲಿ ಐದು ಬಾಡಿಗೆ ಮನೆ, ಅದಕ್ಕೂ ಮೊದಲು ಎರಡು ಪಿಜಿ. ಮನೆ ನೋಡೋಕೆ ಹೋದರೆ ಮೊದಲ ಪ್ರಶ್ನೆ ಸಂಬಳ ಅಲ್ಲ, ಮದುವೆ ಯಾವಾಗ. ಎರಡನೆಯದು ಮನೆಗೆ ಯಾರ್ಯಾರು ಬರ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕು, ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಮುರಿದುಕೊಳ್ಳುತ್ತಾರೆ, ಅದು ಎಲ್ಲರಿಗೂ ಇದ್ದಿದ್ದೇ. ನಾನು ಔಷಧಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ, ಆಡಿಟ್ ಸಮಯದಲ್ಲಿ ಮನೆಗೆ ಬರೋದು ತಡವಾಗುತ್ತೆ. 2022ರಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಬಂದರೆ ಕೆಳಗಿನ ಗೇಟಿಗೆ ಬೀಗ. ಓನರ್ ಆಂಟಿ ಫೋನ್ ಎತ್ತಲಿಲ್ಲ. ಕ್ಯಾಬಿನವನು ಪಾಪ ಅಲ್ಲೇ ನಿಂತ, "ನೀವು ಒಳಗೆ ಹೋಗೋ ತನಕ ಇರ್ತೀನಿ ಅಕ್ಕ" ಅಂದ. ಮುಕ್ಕಾಲು ಗಂಟೆ ಆದ ಮೇಲೆ ಗೇಟು ತೆಗೆದರು. ಬೆಳಗ್ಗೆ ಆಂಟಿ "ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೀನಮ್ಮ" ಅಂದರು. ನನ್ನ ಕೈಚೀಲದಲ್ಲಿ ಬಾಗಿಲಿನ ಕೀಲಿ ಇತ್ತು, ಗೇಟಿನದು ಇರಲಿಲ್ಲ. ಆ ರಾತ್ರಿಯೇ ಮನೆ ತಗೋಬೇಕು ಅಂತ ತೀರ್ಮಾನ ಮಾಡಿದ್ದು.

ಹುಡುಕೋಕೆ ಒಂದೂವರೆ ವರ್ಷ ಹಿಡಿಯಿತು. ಪ್ರತಿ ಭಾನುವಾರ. ಬ್ರೋಕರುಗಳು ಸಾಮಾನ್ಯವಾಗಿ ಕೇಳುತ್ತಿದ್ದಿದ್ದು "ಸರ್ ಯಾವಾಗ ಬರ್ತಾರೆ ಮೇಡಂ?" ಅಂತ. ಸರ್ ಯಾರೂ ಇಲ್ಲ ಅಂದ ಮೇಲೆ "ಹಂಗಾದ್ರೆ ಫಾದರ್‌ನ ಕರ್ಕೊಂಡು ಬನ್ನಿ, ಫೈನಲ್ ಮಾಡೋಣ." ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋದೆ. ಬ್ರೋಕರ್ ನನ್ನ ಕಡೆ ತಿರುಗಿಯೂ ನೋಡದೆ ಅಪ್ಪನಿಗೇ ಎಲ್ಲ ವಿವರಿಸಿದ. ಅಪ್ಪ ಪೂರ್ತಿ ಕೇಳಿಸಿಕೊಂಡು, "ದುಡ್ಡು ಅವಳದ್ದು, ಅವಳಿಗೆ ಹೇಳಿ" ಅಂದರು. ಅಪ್ಪ ಕಡಿಮೆ ಮಾತಿನವರು. ಆ ಒಂದು ಮಾತಿಗೆ ನಾನು ಅವರಿಗೆ ಯಾವಾಗಲೂ ಋಣಿ.

ಅದೇ ಓಡಾಟದಲ್ಲಿ ಕಲಿತಿದ್ದು ಒಂದಷ್ಟು. ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿಸಿ ಸೂಪರ್ ಬಿಲ್ಟಪ್ ಅಂತ ಹೇಳುವ 1,080 ಚದರಡಿಯಲ್ಲಿ ಕಾಲಿಟ್ಟು ಓಡಾಡೋಕೆ ಸಿಗೋ ಕಾರ್ಪೆಟ್ ಏರಿಯಾ 760 ಮಾತ್ರ, ನನ್ನ ಮನೆಯ ಲೆಕ್ಕವೇ ಇದು. ಕಟ್ಟುತ್ತಿರುವ ಫ್ಲಾಟಾದರೆ ಜಿಎಸ್‌ಟಿ ಕಟ್ಟಬೇಕು, ಕಟ್ಟಿ ಮುಗಿದು ಒಸಿ, ಅಂದ್ರೆ ವಾಸ ಮಾಡಬಹುದು ಅನ್ನುವ ಸರ್ಕಾರಿ ಪತ್ರ, ಬಂದಿದ್ದರೆ ಜಿಎಸ್‌ಟಿ ಇಲ್ಲ. ಬಿಲ್ಡರುಗಳನ್ನು ಹಿಡಿತದಲ್ಲಿಡುವ 2016ರ ರೇರಾ ಕಾಯ್ದೆ ಪ್ರಕಾರ ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬಿಲ್ಡರ್ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಇದನ್ನು ನೆನಪಿಡಿ, ಯಾಕಂದ್ರೆ "ಇವತ್ತೇ 20 ಪರ್ಸೆಂಟ್ ಹಾಕಿದ್ರೆ ರೇಟು ಕಡಿಮೆ ಮಾಡ್ತೀನಿ" ಅನ್ನುವವರು ನನಗೇ ಮೂರು ಜನ ಸಿಕ್ಕರು.

ಬ್ಯಾಂಕಿನಲ್ಲಿ ಸಾಲ ಕೊಟ್ಟರಾ? ಕೊಟ್ಟರು. ಆದರೆ ಮೊದಲು ಹೋದ ಕಡೆ, ಯಾವುದು ಅಂತ ಬೇಡ, ಸಾಲದ ಅಧಿಕಾರಿ ನನ್ನ ಸಂಬಳದ ಚೀಟಿ ನೋಡಿ ತಲೆಯಾಡಿಸಿ, "ಎಲ್ಲ ಸರಿ ಇದೆ, ಆದರೆ ಮದುವೆ ಆದ ಮೇಲೆ ಕಂತು ಯಾರು ಕಟ್ಟುತ್ತಾರೆ?" ಅಂತ ಕೇಳಿದರು. ಅಪ್ಪನನ್ನೋ ತಮ್ಮನನ್ನೋ ಜಂಟಿ ಅರ್ಜಿದಾರ ಮಾಡಿ ಅಂದರು. ತಮ್ಮ ಆಗ ಕೆಲಸ ಹುಡುಕುತ್ತಿದ್ದ. ಕೆಲಸ ಇಲ್ಲದ ತಮ್ಮನ ಹೆಸರಿಂದ ಅವರಿಗೆ ಯಾವ ಭದ್ರತೆ ಬರುತ್ತಿತ್ತೋ ನನಗೆ ಅರ್ಥ ಆಗಲಿಲ್ಲ. ಎದ್ದು ಬಂದೆ. ಎರಡನೇ ಬ್ಯಾಂಕಿನಲ್ಲಿ ಒಬ್ಬಳದೇ ಹೆಸರಲ್ಲಿ ಹದಿನೆಂಟು ದಿನದಲ್ಲಿ ಸಾಲ ಮಂಜೂರಾಯಿತು. ಹಾಗಾಗಿ ಒಂದು ಕಡೆ ಆಗಲ್ಲ ಅಂದರೆ ಅಲ್ಲಿಗೇ ಬಿಡಬೇಡಿ.

ಲೆಕ್ಕ ಹೀಗಿದೆ. ಮನೆಯ ಬೆಲೆ 56 ಲಕ್ಷ. ಸಾಲ 42 ಲಕ್ಷ, 8.5 ಪರ್ಸೆಂಟ್ ಬಡ್ಡಿ, 20 ವರ್ಷ. ತಿಂಗಳ ಕಂತು 36,450 ರೂಪಾಯಿ ಹತ್ತಿರ. ಮೊದಲ ತಿಂಗಳು ಕಟ್ಟಿದ ಅಷ್ಟು ದುಡ್ಡಿನಲ್ಲಿ 29,750 ರೂಪಾಯಿ ಬಡ್ಡಿಗೇ ಹೋಯಿತು, ಅಸಲಿಗೆ ಸೇರಿದ್ದು ಬರೀ 6,700 ಹತ್ತಿರ. ಆ ಸ್ಟೇಟ್‌ಮೆಂಟ್ ನೋಡಿದಾಗ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದ್ರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಒಟ್ಟು 1.25 ಪರ್ಸೆಂಟ್ ಇಳಿಸಿತು, ನನ್ನ ಬಡ್ಡಿಯೂ ಇಳಿದಿದೆ. ನಾನು ಕಂತು ಕಡಿಮೆ ಮಾಡಿಸಲಿಲ್ಲ, ಅಷ್ಟೇ ಕಟ್ಟುತ್ತಿದ್ದೇನೆ, ಅದರಿಂದ ಸಾಲದ ಅವಧಿಯಲ್ಲಿ ಎರಡೂವರೆ ವರ್ಷದಷ್ಟು ಕಮ್ಮಿಯಾಗಿದೆ. ಕೈ ಬಿಗಿ ಇಲ್ಲದಿದ್ದರೆ ನೀವೂ ಹಾಗೇ ಮಾಡಿ.

ಕೈಯಿಂದ ಹಾಕಿದ್ದು 14 ಲಕ್ಷ, ಮೇಲೆ ನೋಂದಣಿ ಖರ್ಚು. ಇದರಲ್ಲಿ ಹತ್ತು ವರ್ಷದ ಉಳಿತಾಯ ಇದೆ, ಆಫೀಸಿನ ಹೆಂಗಸರೆಲ್ಲ ಸೇರಿ ಹಾಕುತ್ತಿದ್ದ ಚೀಟಿಯ ದುಡ್ಡಿದೆ, ಪಿಎಫ್‌ನಿಂದ ತೆಗೆದದ್ದಿದೆ. ಅಮ್ಮನ ನಾಲ್ಕು ಬಳೆಯೂ ಇದೆ. ಬೇಡ ಅಂದೆ. "ನನ್ನ ಮದುವೇಲಿ ನಮ್ಮಪ್ಪ ಹಾಕಿದ್ದು ಇಷ್ಟೇ ನನ್ನದು ಅಂತ ಇರೋದು. ಇದನ್ನು ಯಾರ ಸಹಿನೂ ಕೇಳದೆ ಕೊಡಬಹುದು ನಾನು" ಅಂದಳು. ಆಗ 2 ಲಕ್ಷದ 20 ಸಾವಿರ ಬಂತು. ಈಗಿನ ಚಿನ್ನದ ಬೆಲೆ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಅಮ್ಮನಿಗೆ ಆಗಲ್ಲ. ಅವಳು ಫ್ಲಾಟಿಗೆ ಬಂದರೆ ಅಡುಗೆಮನೆಯ ಕಟ್ಟೆ ಮುಟ್ಟಿ "ಇಲ್ಲಿವೆ ನನ್ನ ಬಳೆ" ಅನ್ನುತ್ತಾಳೆ.

ಇದು ಒಳ್ಳೆಯ ಹೂಡಿಕೆನಾ ಅಂತ ಕೇಳುವವರಿಗೆ ಸುಳ್ಳು ಹೇಳಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥದ್ದೇ ಮನೆ 19 ಸಾವಿರಕ್ಕೆ ಬಾಡಿಗೆಗೆ ಸಿಗುತ್ತೆ. ನಾನು ಕಟ್ಟುವ ಕಂತು ಅದರ ಎರಡರಷ್ಟು ಹತ್ತಿರ, ಜೊತೆಗೆ ತಿಂಗಳಿಗೆ ಮೆಂಟೆನೆನ್ಸ್ ಬೇರೆ. ಹೊಸ ತೆರಿಗೆ ಪದ್ಧತಿಗೆ ಹೋದರೆ ತಾವೇ ವಾಸ ಇರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿಯೂ ಇಲ್ಲ, ಹಳೆಯದರಲ್ಲಾದರೆ ವರ್ಷಕ್ಕೆ 2 ಲಕ್ಷದವರೆಗೆ ಇದೆ. "ಸೈಟು ಬೆಳೆಯುತ್ತೆ, ಫ್ಲಾಟು ಹಳೇದಾಗುತ್ತೆ" ಅನ್ನೋದು ಅಪ್ಪನ ಮಾತು, ಅದರಲ್ಲಿ ಸತ್ಯ ಇದೆ. ಬರೀ ದುಡ್ಡು ಬೆಳೆಸಬೇಕು ಅಂದರೆ ತಿಂಗಳಿಗೆ 17 ಸಾವಿರ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿ ಬಾಡಿಗೆ ಮನೆಯಲ್ಲೇ ಇರಬಹುದಿತ್ತು. ಹಾಗೆ ಮಾಡಿರುವ ಗೆಳತಿಯರಿದ್ದಾರೆ, ಅವರು ತಪ್ಪು ಮಾಡುತ್ತಿಲ್ಲ. ನನಗೆ ಬೇಕಿದ್ದದ್ದು ಗೇಟಿನ ಕೀಲಿ. ಅದಕ್ಕೆ ಬೆಲೆ ಕಟ್ಟುವ ಸೂತ್ರ ಯಾವ ಎಕ್ಸೆಲ್ ಶೀಟಿನಲ್ಲೂ ಸಿಗಲಿಲ್ಲ.

ಈಗ ಯಾರಿಗೂ ಫೋನಿನಲ್ಲಿ ಹೇಳದ ಒಂದು ವಿಷಯ. ಮನೆ ತಗೊಳ್ಳುವ ಮೊದಲು ಕಾಗದಪತ್ರ ನೋಡಿಸೋಕೆ ಒಬ್ಬ ವಕೀಲರ ಹತ್ತಿರ ಹೋಗಿದ್ದೆ. ಆಸ್ತಿಯ ಹಿಂದಿನ ವ್ಯವಹಾರ ತೋರಿಸುವ ಇಸಿ, ಖಾತೆ, ಹೊಲದಲ್ಲಿ ಮನೆ ಕಟ್ಟೋಕೆ ಒಪ್ಪಿಗೆ ಕೊಡುವ ಭೂ ಪರಿವರ್ತನೆಯ ಆದೇಶ, ಪ್ಲಾನ್, ಒಸಿ, ಎಲ್ಲಕ್ಕಿಂತ ಹಿಂದಿನ ತಾಯಿ ಪತ್ರ. ಅವರು ಒಂದೊಂದೇ ಹಾಳೆ ತಿರುಗಿಸುತ್ತಾ ಹೋದರು. ಅಪಾರ್ಟ್‌ಮೆಂಟು ನಿಂತಿರುವ ಜಾಗ ಒಂದು ಕಾಲಕ್ಕೆ ರಾಗಿ ಹೊಲ. ಅಜ್ಜನಿಂದ ಮಗನಿಗೆ, ಮಗನಿಂದ ಮೂವರು ಮೊಮ್ಮಕ್ಕಳಿಗೆ. ಅಲ್ಲಿ ಒಂದು ಹಾಳೆ ಬಂತು. 2010ರ ಹಕ್ಕು ಬಿಡುಗಡೆ ಪತ್ರ. ಬರೆದುಕೊಟ್ಟವರು ಇಬ್ಬರು ಅಕ್ಕತಂಗಿಯರು. ಇಬ್ಬರ ಹೆಸರಿನ ಮುಂದೆಯೂ 'ಕೋಂ'. ಒಬ್ಬರದು ಸಹಿ, ಅಕ್ಷರ ಒಂದರಿಂದೊಂದು ದೂರ ದೂರ, ನಿಧಾನಕ್ಕೆ ಬರೆದದ್ದು. ಇನ್ನೊಬ್ಬರದು ಹೆಬ್ಬೆಟ್ಟು, ನಕಲಿನಲ್ಲಿ ಬರೀ ಕಪ್ಪು ಮಚ್ಚೆಯ ಹಾಗೆ ಕಾಣುತ್ತಿತ್ತು. ಅರಿಶಿನ ಕುಂಕುಮದ ಬಾಬ್ತು ತಲಾ ಒಂದು ಲಕ್ಷ.

ವಕೀಲರು ಆ ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು, "ಇದು ಬಹಳ ಮುಖ್ಯಮ್ಮ. ಹೆಣ್ಣುಮಕ್ಕಳೆಲ್ಲ ಬಿಟ್ಟುಕೊಟ್ಟಿದ್ದಾರೆ. ಟೈಟಲ್ ಕ್ಲಿಯರ್ ಇದೆ, ಧೈರ್ಯವಾಗಿ ತಗೊಳ್ಳಿ."

ಅವರು ಹೇಳಿದ್ದು ಸರಿಯೇ. ವಕೀಲರಾಗಿ ಅವರು ಅದನ್ನೇ ನೋಡಬೇಕು. ಹೆಣ್ಣುಮಕ್ಕಳ ಸಹಿ ಇಲ್ಲದ ಜಮೀನು ತಗೊಂಡರೆ ನಾಳೆ ಅವರಲ್ಲೊಬ್ಬರು ಕೋರ್ಟಿಗೆ ಹೋದರೆ ತೊಂದರೆ ಬರೋದು ನನಗೇ. ಹಾಗಾಗಿ ಮನೆ ನೋಡುವವರು ಇದನ್ನು ಖಂಡಿತ ನೋಡಿಸಬೇಕು, ನಾನೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು ಆ ಆಫೀಸಿನಲ್ಲಿ ಕೂತು ಆ ಕಪ್ಪು ಮಚ್ಚೆ ನೋಡುವಾಗ ನನಗೆ ಅಮ್ಮನ ಸೀರೆಗೆ ಹತ್ತಿದ ಮಸಿ ನೆನಪಾಯಿತು. ನನ್ನ ಹೆಸರಿನ ಮನೆ ಕ್ಲಿಯರ್ ಆಗಿರೋದಕ್ಕೆ ಇಬ್ಬರು ಹೆಂಗಸರು ತಮ್ಮ ಹೆಸರು ತೆಗೆಸಿಕೊಂಡಿದ್ದಾರೆ. ಅವರಿಗೆ ಯಾರಾದರೂ ಪತ್ರ ಓದಿ ಹೇಳಿದ್ದರಾ? ಆ ಹೊಲದ ಮೇಲೆ ಮುಂದೆ ಐದು ಮಹಡಿ ಏಳುತ್ತೆ ಅಂತ ಗೊತ್ತಿತ್ತಾ? ನಾನು ತಗೊಂಡೆ. ತಗೊಂಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ಆ ಇಬ್ಬರ ಹೆಸರು ನನಗೆ ಬಾಯಿಪಾಠ ಇದೆ.

ಅದಕ್ಕೇ ದುಡಿಯುವ ಹುಡುಗಿಯರಿಗೆ ನಾನು ಹೇಳೋದು ಒಂದೇ, ಕಾಗದ ನೋಡಿ. ನನ್ನ ತೀರಾ ಹತ್ತಿರದ ಗೆಳತಿಯೊಬ್ಬಳಿದ್ದಾಳೆ, ಗಂಡ ಹೆಂಡತಿ ಇಬ್ಬರದೂ ಸುಮಾರು ಒಂದೇ ಸಂಬಳ. ಮದುವೆಯಾದ ಹೊಸದರಲ್ಲಿ ಮಾತಾಡಿಕೊಂಡರು, ಮನೆಯ ಇಎಂಐ ಅವನದು, ರೇಷನ್ನು, ಕರೆಂಟು, ಕೆಲಸದವರು, ಮಗುವಿನ ಸ್ಕೂಲ್ ಫೀಸು ಇವಳದು. ನ್ಯಾಯವಾಗೇ ಕಾಣುತ್ತೆ, ಅಲ್ವಾ? ಒಂಬತ್ತು ವರ್ಷ ಆಯಿತು. ಅವನ ದುಡ್ಡು ಗೋಡೆ ಆಗಿ ನಿಂತಿದೆ, ಇವಳ ದುಡ್ಡು ಅಕ್ಕಿ ಬೇಳೆ ಆಗಿ ಕರಗಿದೆ. ಕ್ರಯಪತ್ರದಲ್ಲಿ ಒಂದೇ ಹೆಸರು. ಅವರಿಬ್ಬರ ಮಧ್ಯೆ ಜಗಳ ಇಲ್ಲ, ಅವನು ಒಳ್ಳೆಯವನೇ. ಆದರೂ ಹೋದ ವರ್ಷ ಅವಳು ಒಂದು ಕೋರ್ಸ್ ಮಾಡೋಕೆ ಎರಡು ಲಕ್ಷ ಬೇಕು ಅಂದಾಗ ಅವಳ ಹತ್ತಿರ ಅಡವಿಡೋಕೆ ಸರ ಬಿಟ್ಟರೆ ಏನೂ ಇರಲಿಲ್ಲ. ಮನೆಗೆ ಬೇಕಾದ್ದೆಲ್ಲ ತಂದವಳ ಹೆಸರಲ್ಲಿ ಮನೆಯ ಒಂದು ಇಟ್ಟಿಗೆಯೂ ಇಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ, ಹಂಚಿಕೊಂಡ ರೀತಿಯಲ್ಲೇ ಹೀಗಾಗಿದೆ. ಇಬ್ಬರೂ ಕಂತಿನಲ್ಲಿ ಅರ್ಧರ್ಧ, ರೇಷನ್ನಿನಲ್ಲಿ ಅರ್ಧರ್ಧ ಅಂತ ಮಾಡಿಕೊಂಡು ಪತ್ರದಲ್ಲಿ ಎರಡೂ ಹೆಸರು ಹಾಕಿಸಿದ್ದರೆ ಸಾಕಿತ್ತು. ಸಾಲದ ಅರ್ಜಿಯಲ್ಲಿ ಹೆಸರಿದ್ದರೆ ಒಡೆತನ ಬಂತು ಅಂದುಕೊಳ್ಳಬೇಡಿ. ಸಾಲದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ನಿಮಗೆ ಬರೋದು ಸಾಲ ತೀರಿಸುವ ಹೊಣೆ ಮಾತ್ರ.

ಇನ್ನೊಬ್ಬಳು ಅವಸರದಲ್ಲಿ ನೆಲಮಂಗಲದ ಆಚೆ ಒಂದು ರೆವಿನ್ಯೂ ಸೈಟು ತಗೊಂಡಳು. ಭೂ ಪರಿವರ್ತನೆ ಆಗಿಲ್ಲ, ಲೇಔಟಿಗೆ ಅನುಮೋದನೆ ಇಲ್ಲ, ಬ್ಯಾಂಕು ಸಾಲ ಕೊಡಲ್ಲ ಅಂದಾಗಲೇ ಅನುಮಾನ ಬರಬೇಕಿತ್ತು, ಕೈಗಡ ಮಾಡಿ ಕೊಟ್ಟಳು. ಈಗ ಮಾರೋಕೂ ಆಗಲ್ಲ, ಕಟ್ಟೋಕೂ ಆಗಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ, ಅಂದ್ರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿಯೇ ಆಗಲ್ಲ, ಒಂದು ರೀತಿಯಲ್ಲಿ ಅದು ನಮ್ಮಂಥವರಿಗೆ ಒಳ್ಳೆಯದೇ. ಬ್ಯಾಂಕು ಬೇಡ ಅಂದ ಆಸ್ತಿಯನ್ನು ನೀವೂ ಬೇಡ ಅನ್ನಿ.

ಸರ್ಕಾರದ ಬಗ್ಗೆ ಒಂದು ದೂರಿದೆ. ನಾನು ನೋಂದಣಿ ಮಾಡಿಸಿದಾಗ ಮುದ್ರಾಂಕ ಶುಲ್ಕ ಸೆಸ್ಸು ಸರ್ಚಾರ್ಜು ಸೇರಿ 5.6 ಪರ್ಸೆಂಟ್, ನೋಂದಣಿ ಶುಲ್ಕ 1 ಪರ್ಸೆಂಟ್, ಒಟ್ಟು 3,69,600 ರೂಪಾಯಿ. ಇದಕ್ಕೆ ಸಾಲ ಸಿಗಲ್ಲ, ಕೈಯಿಂದಲೇ ಹಾಕಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಪರ್ಸೆಂಟ್ ಆಗಿದೆ, ಅಂದ್ರೆ ಇವತ್ತು ಇದೇ ಮನೆಗೆ ಇನ್ನೂ 56 ಸಾವಿರ ಜಾಸ್ತಿ. ದೆಹಲಿಯಲ್ಲಿ ಹೆಂಗಸರ ಹೆಸರಿಗೆ ತಗೊಂಡರೆ ಗಂಡಸರಿಗಿಂತ 2 ಪರ್ಸೆಂಟ್ ಕಡಿಮೆ. ಮಹಾರಾಷ್ಟ್ರದಲ್ಲಿ 2021ರಿಂದ 1 ಪರ್ಸೆಂಟ್ ಕಡಿಮೆ. ಜಾರ್ಖಂಡ್ ಒಂದಷ್ಟು ಕಾಲ, 2017ರಿಂದ, 50 ಲಕ್ಷದವರೆಗಿನ ಆಸ್ತಿಗೆ ಹೆಂಗಸರಿಂದ ಒಂದು ರೂಪಾಯಿ ಮಾತ್ರ ತಗೊಂಡಿತ್ತು. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಕೆಲವು ಬ್ಯಾಂಕುಗಳು ಹೆಂಗಸರಿಗೆ ಬಡ್ಡಿಯಲ್ಲಿ 0.05 ಪರ್ಸೆಂಟ್ ಕಡಿಮೆ ಮಾಡುತ್ತವೆ, ನನ್ನ ಸಾಲಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 130 ರೂಪಾಯಿ ಚಿಲ್ಲರೆ. ಮುದ್ರಾಂಕ ಶುಲ್ಕದಲ್ಲಿ ಒಂದೇ ಒಂದು ಪರ್ಸೆಂಟ್ ಕಡಿಮೆ ಮಾಡಿದರೂ ಎಷ್ಟೋ ಮನೆಗಳಲ್ಲಿ "ನಿನ್ನ ಹೆಸರಿಗೇ ಮಾಡಿಸೋಣ" ಅನ್ನುವ ಮಾತು ಬರುತ್ತೆ. ಹೆಸರಿಗೆ ಮಾತ್ರ ಮಾಡಿಸುತ್ತಾರೆ, ಒಡೆತನ ಗಂಡಸರದ್ದೇ ಅನ್ನುವವರಿದ್ದಾರೆ. ಇರಲಿ. ಹೆಸರು ಅವಳದ್ದಾದರೆ ಮಾರುವಾಗ ಅವಳ ಸಹಿ ಬೇಕಲ್ಲ.

ಆ ಸಹಿಯ ಬೆಲೆ ನನಗಿಂತ ಚೆನ್ನಾಗಿ ಗೊತ್ತಿರೋದು ನಮ್ಮನೆ ಕೆಲಸಕ್ಕೆ ಬರುವ ಅಕ್ಕನಿಗೆ. ಮಾಗಡಿ ಕಡೆಯವರು. ಸರ್ಕಾರದ ವಸತಿ ಯೋಜನೆಯಲ್ಲಿ ಸಿಕ್ಕ ಅವರ ಊರಿನ ಸಣ್ಣ ಮನೆಯ ಹಕ್ಕುಪತ್ರ ಅವರ ಹೆಸರಲ್ಲಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲೂ ಬಡವರ ಮನೆಗಳನ್ನು ಹೆಂಗಸಿನ ಹೆಸರಲ್ಲಿ ಅಥವಾ ಜಂಟಿಯಾಗಿ ಮಾಡಬೇಕು ಅಂತಲೇ ನಿಯಮ. ನಾನು ಗೃಹಪ್ರವೇಶದ ಕಾರ್ಡು ಕೊಟ್ಟಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ "ಪತ್ರ ಯಾರ ಹೆಸರಲ್ಲಿ ಐತೆ?" ನನ್ನದೇ ಅಂದೆ. "ಹಂಗಾದ್ರೆ ಸರಿ ಬುಡವ್ವ. ನಮ್ಮನೆಯೋನು ಎರಡು ಸಲ ಮಾರಕ್ಕೆ ಹೋದ. ನಾನು ಹೆಬ್ಬೆಟ್ಟು ಒತ್ತಲಿಲ್ಲ. ಅದಕ್ಕೇ ಇವತ್ತು ಮಕ್ಕಳಿಗೆ ಸೂರು ಐತೆ" ಅಂದರು. ಇಷ್ಟು ಹೇಳಿ ಪಾತ್ರೆ ತೊಳೆಯೋಕೆ ಹೋದರು. ಒಡೆತನ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾವ ಬ್ಯಾಂಕಿನವರೂ ಹೇಳಿಲ್ಲ.

ಮದುವೆ ವಿಷಯ ಕೇಳಿದ್ದಿರಿ. ಮನೆ ತಗೊಂಡ ಮೇಲೆ ಎರಡು ಸಂಬಂಧ ಬಂದವು. ಒಂದು ಮನೆಯವರು, ಮದುವೆ ಆದ ಮೇಲೂ ಕಂತು ನೀನೇ ಕಟ್ತೀಯಾ ಅಂತ ಕೇಳಿದರು, ಹೌದು ಅಂದ ಮೇಲೆ ಮಾತು ಮುಂದುವರೆಯಲಿಲ್ಲ. ಇನ್ನೊಂದು ಮನೆಯವರು, ಹುಡುಗನ ಹೆಸರೂ ಸೇರಿಸಿಬಿಟ್ಟರೆ ಚೆಂದ ಅಲ್ವಾ ಅಂದರು. ನನಗೆ ಮದುವೆ ಬೇಡ ಅಂತೇನಿಲ್ಲ. ಬರುವವರು ಈ ಮನೆಗೆ ಬರಲಿ, ನಾನು ಅವರ ಮನೆಗೆ ಹೋಗುತ್ತೇನೆ, ಇಬ್ಬರೂ ಸೇರಿ ಮೂರನೆಯದೊಂದು ಕಟ್ಟಿಕೊಳ್ಳೋಣ. ಆ ಮೂರನೆಯದರಲ್ಲಿ ಎರಡು ಹೆಸರು ಇರಲಿ. ಈ ಮನೆ ಮಾತ್ರ ನನ್ನದಾಗಿಯೇ ಇರುತ್ತೆ.

ಗೃಹಪ್ರವೇಶಕ್ಕೆ ಪೂಜೆಗೆ ಅಪ್ಪ ಅಮ್ಮ ಕೂತರು, ಮದುವೆಯಾಗದ ಹೆಣ್ಣು ಒಬ್ಬಳೇ ಕೂರುವ ಪದ್ಧತಿ ಇಲ್ಲವಂತೆ. ನಾನು ವಾದ ಮಾಡಲಿಲ್ಲ. ಹಾಲು ಉಕ್ಕಿಸಿದ್ದು ನಾನೇ. ಸೋದರಮಾವಂದಿರೂ ಬಂದಿದ್ದರು. ದೊಡ್ಡ ಮಾವ ತೋಟದ ಎಳನೀರು ಗೊನೆ ತಂದಿದ್ದರು, ಬಾಲ್ಕನಿಯಲ್ಲಿ ನಿಂತು ಬಹಳ ಹೊತ್ತು ಹೊರಗೆ ನೋಡುತ್ತಿದ್ದು ಆಮೇಲೆ ನನ್ನ ತಲೆ ಸವರಿ "ನಮ್ಮಕ್ಕನ ಮಗಳು" ಅಂದರು. ಬೇರೇನೂ ಹೇಳಲಿಲ್ಲ.

ಹೋದ ತಿಂಗಳು ಅಮ್ಮ ಬಂದು ಒಂದು ವಾರ ಇದ್ದಳು. ಸಂಜೆ ಬಾಲ್ಕನಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಊರಲ್ಲಿ ಅಪ್ಪ ಕಟ್ಟಿಸಿದ ಮೂವತ್ತು ನಲವತ್ತರ ಸೈಟಿನ ಮನೆಯ ಮಾತು ಬಂತು. ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ್ದು ಅದು, ಅವರು ವಿಲ್ ಬರೆಯದಿದ್ದರೆ ಮುಂದೆ ನಿನಗೆ, ತಮ್ಮನಿಗೆ, ನನಗೆ ಮೂವರಿಗೂ ಸಮ ಅಂತ ಹೇಳಿದೆ. 'ಅಪ್ಪ ಹೋದ ಮೇಲೆ' ಅನ್ನುವ ಮಾತು ಬಾಯಿಂದ ಬಂದ ಕೂಡಲೇ ಅಮ್ಮ "ಬಿಡ್ತು ಅನ್ನು" ಅಂತ ಗದರಿಸಿದಳು. ಬಿಡ್ತು ಅಂದೆ. ಸ್ವಲ್ಪ ಹೊತ್ತು ಸುಮ್ನೆ ಹೂ ಕಟ್ಟಿದಳು.

"ನನಗೂ ಒಂದು ಪಾಲಾ?"

"ಹೂಂ ಅಮ್ಮ. ನಿನಗೂ."

"ಅದಕ್ಕೂ ಮುಂದೆ ಸಹಿ ಕೇಳ್ತಾರಾ?"

"ಕೇಳಬಹುದು."

ನೂಲು ಹಲ್ಲಿನಿಂದ ಕಡಿದು, ಮಾಲೆಯನ್ನು ಅಳತೆ ನೋಡೋಕೆ ಮೊಣಕೈವರೆಗೂ ಹಿಡಿದಳು.

"ಕೇಳಲಿ ಬಿಡು" ಅಂದಳು. "ಈ ಸಲ ಓದಿಸಿಕೊಳ್ತೀನಿ."